ಒಣ ಕಾಳಪ್ಪ ಬೆರೆಸಿದ ಎಣ್ಣೆ

ನಮ್ಮ ಇಳಕಲ್ಲಿನಲ್ಲಿ ತಂದೆತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಇರುತ್ತದೆ. ಊರು ಇಟ್ಟ ಹೆಸರು ಸಾಯುವ ತನಕ ಬೆನ್ನು ಬಿಡುವುದಿಲ್ಲ. ನನ್ನ ಗಿರಣಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಕೂತು ಹೊಲಕ್ಕೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ಕಾಳಪ್ಪ ಕಮ್ಮಾರನಿಗೆ ಊರು ಇಟ್ಟ ಹೆಸರು ಒಣ ಕಾಳಪ್ಪ. ಮನುಷ್ಯ ಸಣಕಲ, ಅದಕ್ಕೇ ಹಾಗನ್ನುತ್ತಾರೆ ಎಂದು ಹೊಸಬರು ತಿಳಿಯುತ್ತಾರೆ. ಅದಲ್ಲ. ಗಾಡಿಗೆ ಎಣ್ಣೆ ಹಾಕುವುದನ್ನು ಮರೆತು, ಎಂಜಿನ್ನು ಒಣಗಿಸಿ, ಒಬ್ಬ ಹುಡುಗನನ್ನು ಕೊಂದವನು ಎಂದು ಅದರ ಅರ್ಥ.

ನಾನು ಲಾಡಸಾಬ. ಹಿಟ್ಟಿನ ಗಿರಣಿ ನನ್ನದು. ಗಿರಣಿಯವನಿಗೆ ಊರ ಸುದ್ದಿ ಜೋಳಕ್ಕಿಂತ ಮೊದಲು ಬರುತ್ತದೆ. ಬಂದದ್ದನ್ನೆಲ್ಲ ಬೀಸಿ ಹಂಚುವ ಚಟ ನನಗಿಲ್ಲ. ಆದರೆ ಕಾಳಪ್ಪನ ಬದುಕಿನ ಸುದ್ದಿಯನ್ನು ಊರು ತನಗೆ ಬೇಕಾದ ಹಾಗೆ ಬೀಸಿಕೊಂಡು ತಿಂದಿದೆ, ಇನ್ನೂ ತಿನ್ನುತ್ತಿದೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಆ ಗಾಡಿಯ ವಿಷಯ. ಈಗಿನ ಮೋಟರ್ ಸೈಕಲ್ಲುಗಳ ಎಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಬೇರೆಯೇ ಇರುತ್ತದೆ, ತಿಂಗಳುಗಟ್ಟಲೆ ಅದರ ಕಡೆ ನೋಡದಿದ್ದರೂ ನಡೆಯುತ್ತದೆ. ಹಳೆಯ ಟೂ ಸ್ಟ್ರೋಕ್ ಗಾಡಿಗಳು ಹಾಗಲ್ಲ. ಅವಕ್ಕೆ ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲೇ ಒಳಗೆ ಹೋಗಬೇಕು, ಜೊತೆಯಲ್ಲೇ ಸುಡಬೇಕು. ಆ ನೀಲಿ ಹೊಗೆ, ಆ ವಾಸನೆ ಬರುವುದು ಅದರಿಂದಲೇ. ಎಣ್ಣೆ ಹೋಗದಿದ್ದರೆ ಒಳಗಿನ ಪಿಸ್ಟನ್ನು ಕಾದು ಉಬ್ಬಿ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಸೀಜ್ ಆಯಿತು ಎನ್ನುತ್ತಾರೆ. ಓಡುತ್ತಿರುವ ಗಾಡಿಯ ಹಿಂದಿನ ಗಾಲಿ ಇದ್ದಲ್ಲೇ ನಿಂತುಬಿಡುತ್ತದೆ, ಮೇಲೆ ಕೂತವನು ಮಾತ್ರ ನಿಲ್ಲುವುದಿಲ್ಲ.

ಇಂಥ ಗಾಡಿ ಹೊಗೆ ಉಗುಳುತ್ತದೆ, ಪೆಟ್ರೋಲು ಕುಡಿಯುತ್ತದೆ, ಬ್ರೇಕು ಹಿಡಿದರೆ ಹಿಡಿಯಿತು ಇಲ್ಲದಿದ್ದರೆ ಇಲ್ಲ. ಕಂಪನಿಗಳು ಮಾಡುವುದನ್ನು ಬಿಟ್ಟು ಒಂದು ತಲೆಮಾರು ಕಳೆಯಿತು. ಆದರೂ ಈಗ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜು ಹುಡುಗರು ಅಜ್ಜನ ಹಿತ್ತಲಲ್ಲಿ ಕೋಳಿ ಕೂರುತ್ತಿದ್ದ ಆರ್‌ಎಕ್ಸ್ ಗಾಡಿಯನ್ನು ಹೊರಗೆಳೆದು, ಬಣ್ಣ ಹೊಡೆಸಿ, ಮೊಬೈಲು ಹಿಡಿದು ರೀಲ್ಸ್ ಮಾಡುತ್ತಾರೆ. ಯಾಕ್ರೋ ಎಂದು ಕೇಳಿದರೆ ಆವಾಜು ಕೇಳ್ರಿ ಅನ್ನುತ್ತಾರೆ. ನನಗೆ ಗಾಡಿಯ ಗೀಳಿಲ್ಲ. ಆದರೂ ಸಂಜೆ ಹೊತ್ತಿಗೆ ಒಂದು ಹಳೆಯ ಆರ್‌ಎಕ್ಸ್ ಓಣಿಯಲ್ಲಿ ಹಾದುಹೋದರೆ ಗಿರಣಿಯ ಬೆಲ್ಟು ನಿಲ್ಲಿಸಿ ಕಿವಿಗೊಡುತ್ತೇನೆ. ಎಲ್ಲಿ ಬೇಕಾದರೂ ಬಿದ್ದು ಸಾಯಲು ಧೈರ್ಯವಿದ್ದ ವಯಸ್ಸಿನ ದನಿ ಅದು, ಅಷ್ಟೇ ನನಗೆ ಗೊತ್ತು.

ಆ ವಯಸ್ಸಿನಲ್ಲಿ ಕಾಳಪ್ಪನೂ ವೀರೇಶನೂ ಒಂದೇ ತಟ್ಟೆಯಲ್ಲಿ ಉಂಡವರು. ವೀರೇಶ ನೇಕಾರರ ಮನೆಯ ಹಿರಿಮಗ. ತಂದೆ ಬೇಗ ಹೋಗಿದ್ದ. ತಾಯಿ ಸಿದ್ದಲಿಂಗವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಹಿರಿಯವನಿಗೆ ಮಗ್ಗದ ಮೇಲೆ ಮನಸ್ಸು ನಿಲ್ಲಲಿಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಗಾಡಿ ಓಡಿಸುವ ರೇಸು ಆಗ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಕಡೆ ಜೋರಾಗಿತ್ತು. ವೀರೇಶ ಓಡಿಸುತ್ತಿದ್ದ, ಕಾಳಪ್ಪ ಗಾಡಿ ಕಟ್ಟುತ್ತಿದ್ದ. ತಂದೆಯ ಕುಲುಮೆಯಲ್ಲಿ ತಗಡು ಕಾಸಿ, ಹಾವು ಇಲಿ ನುಂಗಿದಂತೆ ನಡುವೆ ಉಬ್ಬಿದ ಸೈಲೆನ್ಸರನ್ನು ಕಾಳಪ್ಪ ತಾನೇ ಮಾಡಿದ್ದ. ಎಂಜಿನ್ನಿನ ಒಳಗಿನ ಕಿಂಡಿಗಳನ್ನು ಅರ ಹಿಡಿದು ಉಜ್ಜಿ ಅಗಲಿಸಿದ್ದ. ಎಣ್ಣೆಗೆಂದೇ ಕಂಪನಿಯವರು ಇಟ್ಟಿದ್ದ ಬೇರೆ ಡಬ್ಬಿ, ಪಂಪು ಎಲ್ಲವನ್ನೂ ತೂಕ ಕಡಿಮೆಯಾಗಲಿ ಎಂದು ಕಿತ್ತು ಹಾಕಿದ್ದ. ಪೆಟ್ರೋಲಿನಲ್ಲೇ ಎಣ್ಣೆ ಕಲಸಿ ಟ್ಯಾಂಕಿಗೆ ಸುರಿಯುವುದು ರೇಸಿನವರ ಪದ್ಧತಿ.

ಕಾಳಪ್ಪ ಕಲಸುತ್ತಿದ್ದದ್ದು ಅಂಗಡಿಯ ಬಾಟಲಿಯ ಎಣ್ಣೆಯನ್ನಲ್ಲ. ಗಾಣದಿಂದ ತಂದ ಔಡಲೆಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು. ಎಷ್ಟು ಕಾದರೂ ಅದು ಕಬ್ಬಿಣವನ್ನು ಬಿಡುವುದಿಲ್ಲ ಎಂದು ಹಳೆಯ ರೇಸಿನವರ ನಂಬಿಕೆ. ಅದು ಸುಟ್ಟರೆ ಬರುವ ವಾಸನೆಯೇ ಬೇರೆ, ಸಿಹಿಯಾಗಿ, ಬಾಣಂತಿಯ ಕೋಣೆಯ ನೆನಪು ತರುವಂಥದ್ದು. ವೀರೇಶನ ಗಾಡಿ ಹಾದುಹೋದರೆ ಕಣ್ಣು ಮುಚ್ಚಿಯೂ ಗುರುತು ಹಿಡಿಯಬಹುದಿತ್ತು. ಆದರೆ ಔಡಲೆಣ್ಣೆಗೆ ಒಂದು ಕೆಟ್ಟ ಗುಣವಿದೆ. ಪೆಟ್ರೋಲಿನಲ್ಲಿ ಕಲಸಿ ಇಟ್ಟರೆ, ಅದರಲ್ಲೂ ಚಳಿಗೆ, ಅದು ಮೆಲ್ಲಗೆ ತಳಕ್ಕೆ ಇಳಿದು ಅಲ್ಲೇ ಅಂಟಿ ಉಳಿಯುತ್ತದೆ. ಸುರಿಯುವ ಮುಂಚೆ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಲೇಬೇಕು. ಅದಕ್ಕೇ ಕಾಳಪ್ಪ ರೇಸಿನ ಜಾಗದಲ್ಲೇ ಕಲಸಿ, ಅಲ್ಲಾಡಿಸಿ, ಕೂಡಲೇ ಸುರಿಯುತ್ತಿದ್ದ.

ಆ ಒಂದು ಸಲ ಹಾಗಾಗಲಿಲ್ಲ. ಬಾಗಲಕೋಟೆಯಲ್ಲಿ ಸಂಕ್ರಮಣದ ಮರುದಿನ ರೇಸು. ಊರ ಹತ್ತಿರದ ರೇಸು ಎಂದು ಸಿದ್ದಲಿಂಗವ್ವ ಮೊದಲ ಸಲ ತಾನೂ ನೋಡಲು ಹೊರಟಳು. ಅವರ ಮನೆಯಲ್ಲಿ ಒಂದು ಪದ್ಧತಿ. ಹೊಸ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮುನ್ನ ಅದನ್ನು ದೇವರ ಜಗಲಿಯ ಮುಂದೆ ಒಂದು ರಾತ್ರಿ ಇಡುವುದು, ಬೆಳಿಗ್ಗೆ ಮನೆಯ ಹಿರಿಯ ಹೆಂಗಸು ಅದನ್ನು ಅಲುಗದಂತೆ ಎರಡೂ ಕೈಯಲ್ಲಿ ಎತ್ತಿ ತರುವುದು. ಅಲುಗಿದರೆ ಎಳೆ ಸಿಕ್ಕಾಗುತ್ತದೆ, ಎಳೆ ಸಿಕ್ಕಾದರೆ ಸೀರೆ ಕೆಡುತ್ತದೆ. ಮಗನ ಕೆಲಸಕ್ಕೂ ಹಾಗೇ ಆಗಲಿ ಎಂದು ಆಕೆಯ ಆಸೆ. ಗಾಡಿಯನ್ನು ದೇವರ ಮನೆಗೆ ಹೊಗಿಸಲು ಬರುವುದಿಲ್ಲವಲ್ಲ, ಅದರ ಎಣ್ಣೆಯನ್ನಾದರೂ ಕೊಡು ಎಂದಳು.

ಕಾಳಪ್ಪನಿಗೆ ಮನಸ್ಸಿರಲಿಲ್ಲ. ವೀರೇಶ ಬಿಡಲಿಲ್ಲ. "ಅವ್ವನ ಮನಸ್ಸು ನೋಯಸಬ್ಯಾಡ್ಲೇ ಕಾಳ್ಯಾ, ಒಂದ್ ಸಲ ಕಲಸಿ ಕೊಡು" ಎಂದ. ತಗಡಿನ ಡಬ್ಬಿಯಲ್ಲಿ ಕಲಸಿ ಕೊಟ್ಟು ಕಾಳಪ್ಪ ಹೇಳಿದ್ದು ಒಂದೇ ಮಾತು: "ಹಾಕೂ ಮುಂದ ಜೋರ್ ಅಲ್ಲಾಡಸ್ಬೇಕು ನೋಡು, ಮರೀಬ್ಯಾಡ." ವೀರೇಶ ಹೂಂ ಎಂದ.

ಮರುದಿನ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹುನಗುಂದ, ಕಮತಗಿ ದಾಟಿ ಹೋದರು. ಸಿದ್ದಲಿಂಗವ್ವ ಮುಂದಿನ ಸೀಟಿನಲ್ಲಿ ಕೌದಿ ಮಡಚಿ ಮಡಿಲಲ್ಲಿಟ್ಟು, ಅದರ ಮೇಲೆ ವಿಭೂತಿ ಹಚ್ಚಿದ ಡಬ್ಬಿ ಇಟ್ಟುಕೊಂಡು, ದಾರಿಯುದ್ದಕ್ಕೂ ಎರಡೂ ಕೈಯಿಂದ ಹಿಡಿದು ಕೂತಿದ್ದಳು. ರೇಸು ನಡೆದ ಆ ಮೈದಾನ ಈಗಿಲ್ಲ, ಆಲಮಟ್ಟಿಯ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿ ಕಾಳಪ್ಪ ಸಾಲಿನಲ್ಲಿ ಯಾವ ಜಾಗ ಎಂದು ಚೀಟಿ ಎತ್ತಲು ಡೇರೆಗೆ ಹೋದ. ಬರುವಷ್ಟರಲ್ಲಿ ತೆಂಗಿನಕಾಯಿ ಒಡೆದು ಆಗಿತ್ತು, ಟ್ಯಾಂಕಿಗೆ ಕುಂಕುಮ ಬಿದ್ದಿತ್ತು. "ನಾನ ಹಾಕೀನಪಾ, ಒಂದ್ ಹನಿ ಸೈತ ಚೆಲ್ಲಿಲ್ಲ" ಎಂದು ಸಿದ್ದಲಿಂಗವ್ವ ಹಿಗ್ಗಿನಿಂದ ಹೇಳಿದಳು.

"ಅಲ್ಲಾಡಿಸೀರೇನ್ಲೇ?" ಎಂದು ಕಾಳಪ್ಪ ವೀರೇಶನ ಕಿವಿಯಲ್ಲಿ ಕೇಳಿದ.

ವೀರೇಶ ತಾಯಿಯ ಕಡೆ ಒಮ್ಮೆ ನೋಡಿ, "ಆತೋ ಮಾರಾಯಾ, ಎಲ್ಲಾ ಆತು, ಗಾಡಿ ದಬ್ಬು" ಎಂದ.

ಮೊದಮೊದಲು ಹೊಗೆ ಇತ್ತು, ವಾಸನೆಯೂ ಇತ್ತು. ಪೈಪಿನಲ್ಲಿ ಉಳಿದಿದ್ದ ಹಿಂದಿನ ಎಣ್ಣೆ ಅದು. ವೀರೇಶ ಎಲ್ಲರಿಗಿಂತ ಮುಂದಿದ್ದ. ಬರಬರುತ್ತ ಹೊಗೆ ತೆಳುವಾಯಿತು. ಮತ್ತೊಂದು ಸುತ್ತು ಬರುವಾಗ ಹೊಗೆಯೇ ಇರಲಿಲ್ಲ, ದನಿ ಚೂಪಾಗಿತ್ತು, ಗಾಳಿಯಲ್ಲಿ ಔಡಲದ ವಾಸನೆ ಇರಲಿಲ್ಲ. ಕಾಳಪ್ಪನಿಗೆ ತಿಳಿಯಿತು. ಹಗ್ಗ ದಾಟಿ ಟ್ರ್ಯಾಕಿಗೆ ಇಳಿದು ಎರಡೂ ಕೈ ಮೇಲೆತ್ತಿ ನಿಲ್ಲಿಸು ನಿಲ್ಲಿಸು ಎಂದು ಕೂಗುತ್ತ ಓಡಿದ. ಗೆಲ್ಲುತ್ತಿದ್ದೀ ಎಂದು ಕುಣಿಯುತ್ತಿದ್ದಾನೆ ಗೆಳೆಯ ಎಂದುಕೊಂಡ ವೀರೇಶ. ನಕ್ಕು, ಇನ್ನಷ್ಟು ರೇಸು ಕೊಟ್ಟ. ತಿರುವಿನ ಮೊದಲೇ ಹಿಂದಿನ ಗಾಲಿ ನಿಂತಿತು.

ದವಾಖಾನೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ. ಕೊಲ್ಹಾಪುರದಿಂದ ಬಂದಿದ್ದ ಮಿಸ್ತ್ರಿಯೊಬ್ಬ ಟ್ಯಾಂಕಿನಲ್ಲಿ ಬೆರಳಿಟ್ಟು, ಮೂಸಿ ನೋಡಿ, ಬರೀ ಪೆಟ್ರೋಲು, ಎಣ್ಣೆಯೇ ಇಲ್ಲ ಎಂದ. ಎಲ್ಲರೂ ಕಾಳಪ್ಪನ ಕಡೆ ತಿರುಗಿದರು. ಸಿದ್ದಲಿಂಗವ್ವ ಅವನ ಅಂಗಿ ಹಿಡಿದು, "ಎಣ್ಣಿ ಹಾಕಿದ್ದಿಲ್ಲೇನೋ, ಹಾಕಿದ್ದಿಲ್ಲೇನೋ" ಎಂದು ಎಳೆದಾಡಿದಳು. ಆಕೆಯ ಕೈಗೆ ಇನ್ನೂ ಕುಂಕುಮ ಹತ್ತಿತ್ತು, ಪೆಟ್ರೋಲಿನ ವಾಸನೆ ಬರುತ್ತಿತ್ತು. ಆ ಕೈ ನೋಡಿದ ಕಾಳಪ್ಪನ ಬಾಯಿಂದ ಬಂದದ್ದು, "ಹೌದ ಬೇ ಯವ್ವಾ, ಮರತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ ಖರೆ ಹೇಳಿದರಾಯಿತು ಎಂದು ಅವನು ಅಂದುಕೊಂಡಿದ್ದನಂತೆ. ಆಕೆ ಸುಧಾರಿಸಿಕೊಳ್ಳುವ ಹೊತ್ತಿಗೆ ಅವನಿಗೆ ಹೊಸ ಹೆಸರು ಬಂದಾಗಿತ್ತು. ಆಕೆಗೆ ಹೇಳಿದರೆ ಆಕೆ ಬದುಕುವುದಿಲ್ಲ, ಹೇಳದಿದ್ದರೆ ತನ್ನ ಹೆಸರು ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕಾಳಪ್ಪ ತನ್ನ ಹೆಸರನ್ನು ಬಿಟ್ಟ.

ಬಿಟ್ಟ ಎಂದರೆ ನಗುನಗುತ್ತ ಬಿಟ್ಟ ಸಂತನಲ್ಲ ಅವನು. ರೇಸಿನ ಗಾಡಿ ಇರಲಿ, ಲೂನಾ ಮೊಪೆಡ್ಡು ಸಹ ಅವನ ಹತ್ತಿರ ಬರುವುದು ನಿಂತಿತು. ಕೊಟ್ಟ ಮಾತು ಮುರಿದು ಒಂದು ಕನ್ಯೆಯ ಮನೆಯವರು ತಾಂಬೂಲ ಹಿಂದಕ್ಕೆ ಕಳಿಸಿದರು. ಯಾವನಾದರೂ ಲಗ್ನದ ಅಡಿಗೆಯಲ್ಲಿ ಉಪ್ಪು ಮರೆತರೂ "ಒಣ ಕಾಳಪ್ಪ ಬಂದಿದ್ದನೇನು" ಎಂದು ನಗುವುದು ರೂಢಿಯಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ತೀರ್ಪು ಕೊಟ್ಟರು. ನಾನೂ ನಂಬಿದ್ದೆ. ಅವನೇ ಒಪ್ಪಿಕೊಂಡ ಮೇಲೆ ನಂಬದೆ ಇರಲು ಏನಿತ್ತು? ಕೊನೆಗೆ ದಾಳಿಂಬೆ, ದ್ರಾಕ್ಷಿ ತೋಟದವರ ಔಷಧದ ಪಂಪುಗಳು ಅವನ ಕೈ ಹಿಡಿದವು. ಅವೂ ಟೂ ಸ್ಟ್ರೋಕ್ ಎಂಜಿನ್ನೇ. ಬೆನ್ನಿಗೆ ಕಟ್ಟಿಕೊಂಡು ವಿಷ ಹೊಡೆಯುವ ಪಂಪಿನ ದನಿಯಲ್ಲಿ ಅವನು ರೇಸಿನ ಗಾಡಿಯ ದನಿ ಹುಡುಕುತ್ತ ಕೂರುತ್ತಿದ್ದ. ಒಂದೊಂದು ಸಲ ಸಿಟ್ಟು ಬಂದು ಬೋಲ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದ. ಗಿರಾಕಿಗಳಿಗೆ ಬಯ್ಯುತ್ತಿದ್ದ. ಕುಡಿಯುವುದನ್ನೂ ಕಲಿತ, ಬಿಟ್ಟ, ಮತ್ತೆ ಕಲಿತ.

ಕಮತಗಿಯ ಬಾಳವ್ವ ತಡವಾಗಿ ಅವನನ್ನು ಮದುವೆಯಾದಳು. ಗಟ್ಟಿ ಹೆಂಗಸು. ಗಂಡನ ಬಾಯಿಂದ ಖರೆ ಕಕ್ಕಿಸಿದವಳು ಆಕೆ ಒಬ್ಬಳೇ. ಕೇಳಿದ ದಿನದಿಂದ ಒಂದೇ ಹಟ, ಹೋಗಿ ಹೇಳು. ಸಿದ್ದಲಿಂಗವ್ವ ಬದುಕಿರುವ ತನಕ ಹೇಳುವುದಿಲ್ಲ ಎಂದು ಇವನ ಹಟ. "ಆಕಿ ನೂರ್ ವರ್ಷ ಬದುಕಲಿ, ನಾವು ದಿನಾ ಸಾಯೋಣ" ಎಂದು ಬಾಳವ್ವ ಅನ್ನುವುದು ನನ್ನ ಗಿರಣಿಯವರೆಗೂ ಕೇಳಿಸುತ್ತಿತ್ತು. ಯಾರ ಬಗ್ಗೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಇತ್ತ ವೀರೇಶನ ತಮ್ಮ ಸಂಗಮೇಶ ಪವರ್‌ಲೂಮ್ ಹಾಕಿದ, ಸೀರೆ ಅಂಗಡಿ ತೆರೆದ. ಅಣ್ಣನ ಗಾಡಿಯನ್ನು ಮಣ್ಣು ಸಹ ಒರೆಸದೆ ಪಡಸಾಲೆಯಲ್ಲಿ ನಿಲ್ಲಿಸಿ, ಫೋಟೋ ಇಟ್ಟು, ವರ್ಷಕ್ಕೊಮ್ಮೆ ಹಾರ ಹಾಕುತ್ತಿದ್ದ. ಹಳೆಯ ಗಾಡಿಗಳ ಹುಚ್ಚು ಮತ್ತೆ ಎದ್ದ ಮೇಲೆ ದೂರದೂರಿನವರು ಬಂದು ಆ ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಗಾಡಿ ದೇವರಾಯಿತು. ದೇವರ ಕಥೆಯಲ್ಲಿ ಒಬ್ಬ ರಾಕ್ಷಸ ಬೇಕಲ್ಲ, ಅವನು ನನ್ನ ಗಿರಣಿಯ ಎದುರಿಗೇ ಇದ್ದ.

ಹೋದ ವರ್ಷ ವಿದ್ಯಾಗಿರಿಯ ಹುಡುಗರ ಸಂಘದವರು ಒಂದು ಮೇಳ ಮಾಡೋಣ, ವೀರೇಶನ ಗಾಡಿಯನ್ನು ಮತ್ತೆ ಚಾಲೂ ಮಾಡೋಣ ಎಂದರು. ಸಂಗಮೇಶ ಹಿಗ್ಗಿದ. ಆದರೆ ಅರದಲ್ಲಿ ಉಜ್ಜಿದ ಆ ಎಂಜಿನ್ನಿಗೆ ಕೈ ಹಾಕಲು ಬಂದ ಮಿಸ್ತ್ರಿಗಳೆಲ್ಲ ಹಿಂದೆ ಸರಿದರು. ಕಟ್ಟಿದವನೇ ಬಿಚ್ಚಬೇಕು ಎಂದರು. ಒಂದು ಮಧ್ಯಾಹ್ನ ಸಂಗಮೇಶ ಶೆಡ್ಡಿಗೆ ಬಂದ, ಒಳಗೆ ಕಾಲಿಡಲಿಲ್ಲ.

"ಕಾಳಪ್ಪ, ಗಾಡಿ ನೀನ ಬಿಚ್ಚಬೇಕಾಗೇತಿ. ನಿನ್ನ ಹೆಸರು ಮಾತ್ರ ಬ್ಯಾನರ್‌ನ್ಯಾಗ ಹಾಕಾಕ ಆಗೂದಿಲ್ಲ. ಮಂದಿ ಏನಂದಾರು, ನಿನಗ ಗೊತ್ತೈತಲ್ಲ."

ಬಾಳವ್ವ ಬಾಗಿಲಲ್ಲೇ ನಿಂತು, "ಒಲ್ಲೆ ಅನ್ನು" ಎಂದಳು. ಕಾಳಪ್ಪ ಬರುತ್ತೇನೆ ಎಂದ. ಆತ ಹೋದ ಮೇಲೆ ಆಕೆ ಬಾಯಿಗೆ ಬಂದಂತೆ ಬೈದಳು. ಇವನು ಒಂದೇ ಉತ್ತರ ಕೊಟ್ಟ: "ಅದರ ಆವಾಜ್ ಒಮ್ಮಿ ಕೇಳಿ ಸಾಯ್ತೇನಿ ಬಿಡು. ನಾ ಮಾಡಿದ್ದು ಅದೊಂದ ಚಲೋ ಕೆಲಸ." ಯಾವುದು ಅವನ ಬದುಕು ಮುಕ್ಕಿತೋ ಅದನ್ನೇ ಅವನು ಇನ್ನೂ ಪ್ರೀತಿಸುತ್ತಿದ್ದ. ಈ ಗಾಡಿಗಳ ಸೆಳೆತ ಎಂಥದ್ದು ಎಂದು ಕೇಳುವವರು ರೀಲ್ಸ್ ನೋಡುವುದಲ್ಲ, ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕಿತ್ತು.

ಭಾರದ ಸಾಮಾನು ಎತ್ತಲು ಜೊತೆಗೆ ಬಾ ಎಂದು ನನ್ನನ್ನೂ ಕರೆದ. ಆ ಮನೆಗೆ ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ, ಅದು ನಿಜವಾದ ಕಾರಣ. ಪಡಸಾಲೆಯಲ್ಲಿ ಗಾಡಿಯ ಎದುರಿಗೇ ಸಿದ್ದಲಿಂಗವ್ವನ ಮಂಚ. ಕಣ್ಣು ಮಂಜಾಗಿದ್ದವು, ಕಿವಿ ಚುರುಕಾಗಿತ್ತು. ಕಾಳಪ್ಪ ಕೈ ಮುಗಿದು, "ಆರಾಮ್ ಅದೀರ್ರೀ ಯವ್ವಾ" ಎಂದ. ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹಲವು ದಿನ ಹೋದೆವು. ಕಚ್ಚಿಕೊಂಡ ಪಿಸ್ಟನ್ನನ್ನು ಬಿಡಿಸಿ, ಸಿಲಿಂಡರ್ ಕೊರೆಸಿ ತಂದು, ಹೊಸ ಪಿಸ್ಟನ್ನು ಕೂರಿಸಿದ. ಆಕೆ ಗೋಡೆಗೆ ಒರಗಿ ಕೂತು, ಪಾನಾದ ಸಪ್ಪಳ ಬಂದ ಕಡೆಗೆ ಮುಖ ತಿರುಗಿಸುತ್ತಿದ್ದಳು, ಅಷ್ಟೇ.

ಕೊನೆಯ ದಿನ ಮಧ್ಯಾಹ್ನ ಸಂಗಮೇಶ ಅಂಗಡಿಗೆ ಹೋಗಿದ್ದ. ಕಾಳಪ್ಪ ತಗಡಿನ ಡಬ್ಬಿಯಲ್ಲಿ ಪೆಟ್ರೋಲು, ಔಡಲೆಣ್ಣೆ ಹಾಕಿ ಮುಚ್ಚಳ ತಿರುಗಿಸಿದ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದ. ಮಂಚದ ಮೇಲಿಂದ ದನಿ ಬಂತು.

"ಡಬ್ಬಿ ಅಲ್ಲಾಡ್ಸು, ಕಾಳಪ್ಪ."

ಕಾಳಪ್ಪ ಡಬ್ಬಿ ಹಿಡಿದು ಹಾಗೇ ನಿಂತ. ನನಗೆ ಏನೂ ತಿಳಿಯಲಿಲ್ಲ. ಇಷ್ಟು ದಿನ ರೀ ರೀ ಎನ್ನುತ್ತಿದ್ದವನು ಹುಡುಗನಾಗಿದ್ದಾಗ ಆ ಮನೆಯಲ್ಲಿ ಉಣ್ಣುತ್ತಿದ್ದಾಗಿನ ದನಿಯಲ್ಲಿ ಕೇಳಿದ: "ನಿನಗ್ ಹ್ಯಾಂಗ ಗೊತ್ತು ಬೇ ಯವ್ವಾ?"

"ಮನ್ಯಾಗ ಡಬ್ಬಿ ತೊಳಿಯೂ ಮುಂದ ಕಂಡಿತ್ತು. ಎಣ್ಣಿ ಎಲ್ಲಾ ತಳದಾಗ ಕುಂತಿತ್ತು. ನೀ ಹಾಕಿದ್ದಿ."

"ಆಗಿಂದ ಗೊತ್ತಿತ್ತೇನು?"

"ಮಣ್ಣ ಮಾಡಿ ಬಂದ ದಿನದಿಂದ."

ಕಾಳಪ್ಪ ಡಬ್ಬಿಯನ್ನು ನೆಲಕ್ಕಿಟ್ಟ. "ಮತ್ತ ಯಾಕ ಒಮ್ಮೆನೂ ಬಾಯಿ ಬಿಡಲಿಲ್ಲ? ನನ್ನ ಬಾಳೆಲ್ಲಾ ಹೋತು."

ಆಕೆ ಅಳಲಿಲ್ಲ. ಲೆಕ್ಕ ಮುಗಿಸಿದವಳ ಹಾಗೆ ಹೇಳಿದಳು. "ನಿನ್ನ ಹೆಸರು ಹೋತು, ನನ್ನ ಮಗಾ ಹೋದ. ತಾಯಿ ಕೈಲೇ ಹೋದ ಅಂತ ಮಂದಿ ಅಂದಿದ್ರ ನಾ ಬಾವಿ ಹಾರತಿದ್ದೆ. ಸಂಗಮೇಶ ಇನ್ನೂ ಸಣ್ಣಾಂವ ಇದ್ದ. ನೀ ಮರತೆ ಅಂದಿ. ನಾ ಅದನ್ನ ಹಿಡಕೊಂಡೆ."

ಹೀಗೆ ನನಗೆ ಖರೆ ತಿಳಿಯಿತು. ಉಳಿದದ್ದನ್ನು, ಆ ದಿನದ ಒಂದೊಂದು ಸಂಗತಿಯನ್ನೂ ಕಾಳಪ್ಪ ಆಮೇಲೆ ನನಗೆ ಹೇಳಿದ. ಆಕೆಯನ್ನು ಕಾಯಲು ಅವನು ತನ್ನ ಬಾಯಿ ಹೊಲಿದುಕೊಂಡಿದ್ದ. ಆಕೆ ಎಲ್ಲ ತಿಳಿದೂ ಆ ಹೊಲಿಗೆಯ ಮೇಲೆ ವರ್ಷ ವರ್ಷ ಹೂವಿನ ಹಾರ ಹಾಕಿಸುತ್ತ ಬಂದಿದ್ದಳು. ಮಗನನ್ನು ಕಳೆದುಕೊಂಡ ತಾಯಿ ಎಂದು ನನಗೆ ಕನಿಕರವಿದೆ. ಆದರೆ ಕನಿಕರದ ಜೊತೆಗೆ ಸಿಟ್ಟೂ ಇದೆ, ಅದನ್ನು ಮುಚ್ಚಿಡಲಾರೆ.

ಹೊರಡುವ ಮುನ್ನ ಕಾಳಪ್ಪ ಮಂಚದ ಹತ್ತಿರ ಹೋಗಿ ಕೂತ. "ಯವ್ವಾ, ಸಂಕ್ರಮಣದ ಮರುದಿನ ಮಂದಿ ಕೂಡ್ತಾರ. ಒಂದ ಮಾತು ಹೇಳು. ನಿನ್ನ ಹೆಸರು ಹೇಳಬ್ಯಾಡ. ಕಾಳಪ್ಪ ಎಣ್ಣಿ ಹಾಕಿದ್ದ, ಅಷ್ಟ ಅನ್ನು. ಅಷ್ಟ ಸಾಕು ನನಗ."

ಆಕೆ "ಹೇಳ್ತೇನಿ" ಎಂದಳು.

ಮೇಳದ ದಿನ ಬಾಳವ್ವ ಪೆಟ್ಟಿಗೆಯಿಂದ ಮದುವೆಯ ಇಳಕಲ್ ಸೀರೆ ತೆಗೆದು ಉಟ್ಟಳು. ಕೆಂಪು ಸೆರಗಿನಲ್ಲಿ ಮಡಿಕೆಯ ಗೀರು ಬಿದ್ದಿತ್ತು. ನನ್ನ ಹೆಂಡತಿ ಹಜರತಬಿ ಆಕೆಗೆ ಹೂವು ಕೊಟ್ಟು ಮುಡಿಸಿದಳು. ಕಾಳಪ್ಪ ದಾಡಿ ಮಾಡಿಸಿಕೊಂಡು ಬಿಳಿ ಅಂಗಿ ಹಾಕಿದ್ದ. ಕುಡಿದಿರಲಿಲ್ಲ. ಹುನಗುಂದ ರಸ್ತೆಯ ಬಯಲಿನಲ್ಲಿ ಪೆಂಡಾಲು, ಎಲ್ಲೆಲ್ಲಿಂದಲೋ ಬಂದ ಹಳೆಯ ಗಾಡಿಗಳು, ನೀಲಿ ಹೊಗೆ. ಖರ್ಚು ಸಂಘದ್ದು, ಹೆಸರು ಸಂಗಮೇಶನದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ವೇದಿಕೆಯ ಮುಂದೆ ವೀರೇಶನ ಗಾಡಿ ಮದುಮಗನ ಹಾಗೆ ನಿಂತಿತ್ತು. ಬಾಳವ್ವ ಹೆಂಗಸರ ಸಾಲಿನಲ್ಲಿ ಮುಂದೆಯೇ ಹೋಗಿ ಕೂತಳು. ಎಂದೂ ಮುಂದೆ ಕೂತವಳಲ್ಲ.

ಸಂಗಮೇಶ ಮಾತಾಡಿದ. ಒಬ್ಬರ ಬೇಜವಾಬ್ದಾರಿಯಿಂದ ಒಬ್ಬ ಅಣ್ಣನನ್ನು ಕಳೆದುಕೊಂಡೆವು, ಆದರೆ ನಮ್ಮವ್ವ ಅವನನ್ನು ಕ್ಷಮಿಸಿದ್ದಾಳೆ ಎಂದ. ಚಪ್ಪಾಳೆ ಬಿತ್ತು. ಕಾಳಪ್ಪ ಗಾಡಿಯ ಹ್ಯಾಂಡಲ್ ಹಿಡಿದು ನಿಂತಿದ್ದ, ತಲೆ ತಗ್ಗಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಖರೆ ಹೊರಬೀಳುತ್ತದೆ ಎಂಬಂತೆ, ವೇದಿಕೆಯ ಕುರ್ಚಿಯಲ್ಲಿ ಕೂತಿದ್ದ ಆ ಮುದುಕಿಯನ್ನೇ ನೋಡುತ್ತಿದ್ದ. ಮೈಕು ಆಕೆಯ ಬಾಯಿಯ ಹತ್ತಿರ ಬಂತು.

"ನನ್ನ ಮಗಗ ಗಾಡಿ ಅಂದ್ರ ಜೀವ ಇತ್ತು" ಎಂದಳು ಸಿದ್ದಲಿಂಗವ್ವ. ಅಲ್ಲಿಗೆ ಮಾತು ನಿಲ್ಲಿಸಿದಳು. ಬಾಳವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮುದುಕಿ ಕಾಳಪ್ಪನ ದಿಕ್ಕಿಗೆ ಮುಖ ತಿರುಗಿಸಿದಳು, ತುಟಿ ಅಲುಗಿತು. ಆಮೇಲೆ ಹೇಳಿದಳು: "ಎಲ್ಲಾರೂ ಊಟಾ ಮಾಡಿ ಹೋಗ್ರಿ."

ಅಷ್ಟೇ. ಮೈಕು ತೆಗೆದರು. ಸಂಗಮೇಶ ಮತ್ತೆ ಮುಂದೆ ಬಂದು, ಆವತ್ತಿನಂತೆ ಇವತ್ತೂ ನಮ್ಮವ್ವನ ಕೈಯಿಂದಲೇ ಟ್ಯಾಂಕಿಗೆ ಪೆಟ್ರೋಲು ಬೀಳಲಿ ಎಂದು ಸಾರಿದ. ಅದು ಅವನಿಗೆ ತಾನೇ ಹೊಳೆದ ಉಪಾಯ, ಪಾಪ. ಕಾಳಪ್ಪ ಡಬ್ಬಿ ಎತ್ತಿಕೊಂಡ. ಎಲ್ಲರೂ ನೋಡುವಂತೆ ಅದನ್ನು ಅಲ್ಲಾಡಿಸಿದ, ತೋಳು ಸೋಲುವಷ್ಟು ಹೊತ್ತು ಅಲ್ಲಾಡಿಸಿದ. ಆಮೇಲೆ ಆಕೆಯ ಮುಂದೆ ಹೋಗಿ ಚಾಚಿದ. ಸಿದ್ದಲಿಂಗವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾ ಒಲ್ಲೆ, ನಾ ಮುಟ್ಟೂದಿಲ್ಲ" ಎಂದಳು.

ಕಾಳಪ್ಪನ ಕೈಯಿಂದ ಮುಟ್ಟಲಾರಳು ಎಂದು ಜನ ತಿಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ತಾಯಿ ಎಂದರು. ಕಾಳಪ್ಪ ತಾನೇ ಸುರಿಯಲು ಬಗ್ಗಿದಾಗ ಹಿಂದಿನಿಂದ ಒಬ್ಬ ಕೂಗಿದ: "ಎಣ್ಣಿ ಹಾಕೀಯೇನಪಾ ಒಣ ಕಾಳಪ್ಪ, ಇಲ್ಲ ಈ ಸಲಾನೂ ಮರತೇನು?"

ಬಯಲೆಲ್ಲ ನಕ್ಕಿತು. ಬಾಳವ್ವ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು, ಹಿಂದೆ ತಿರುಗದೆ ನಡೆದು ಹೋದಳು. ಕಾಳಪ್ಪ ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಹುಡುಗರು ಕುಣಿದರು, ಮೊಬೈಲು ಎತ್ತಿದರು. ಆ ದನಿ ಖರೆಯೇ ಹೊಟ್ಟೆಯೊಳಗೆ ಇಳಿಯುವಂಥದ್ದು. ಔಡಲದ ಹೊಗೆ ಪೆಂಡಾಲಿನ ತುಂಬ ಹರಡಿತು. ಕಾಳಪ್ಪ ಕಣ್ಣು ಮುಚ್ಚಿ ಆಕ್ಸಿಲರೇಟರ್ ಹಿಡಿದೇ ನಿಂತಿದ್ದ, ಸಂಗಮೇಶ ಬಂದು ಕೈ ಬಿಡಿಸುವ ತನಕ.

ಉಗಾದಿಗೆ ಮುಂಚೆ ಸಿದ್ದಲಿಂಗವ್ವ ತೀರಿಕೊಂಡಳು. ಇನ್ನು ಕಾಯುವುದೇನಿದೆ ಎಂದು ಬಾಳವ್ವ ಗಂಡನನ್ನು ಎಬ್ಬಿಸಿದಳು. ಕಾರ್ಯ ಮುಗಿದ ಮೇಲೆ ಅವನು ಸಂಗಮೇಶನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದ. ದೇವರ ಜಗಲಿ, ಕೌದಿ, ತಳದಲ್ಲಿ ಕೂತ ಎಣ್ಣೆ, ಮಂಚದ ಮೇಲಿನ ಮಾತು. ನಾನೂ ಜೊತೆಗಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಹೇಳಿದೆ. ಸಂಗಮೇಶ ಸೀರೆ ಮಡಚುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಆಗ ನೀನ ಒಪ್ಕೊಂಡಿದ್ದಿ. ಈಗ ನಮ್ಮವ್ವ ಬಂದು ಉತ್ತರಾ ಕೊಡಾಂಗಿಲ್ಲ ಅಂತ ಆಕಿ ಮ್ಯಾಲೆ ಹಾಕಾಕ ಬಂದಿ. ಲಾಡಸಾಬಣ್ಣ, ನೀವರೆ ಇಂಥಾದಕ್ಕ ಸಾಕ್ಷಿ ಹೇಳಬಾರದಿತ್ತು."

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮಗನನ್ನು ತಿಂದದ್ದಲ್ಲದೆ ಸತ್ತ ತಾಯಿಯ ಮೇಲೂ ಹೊರಿಸಿದ ಎಂದು ಈಗ ಊರು ಅನ್ನುತ್ತದೆ. ಗಿರಣಿಗೆ ಬರುವ ಹೆಂಗಸರ ಮುಂದೆ ನಾನು ಎಷ್ಟು ಸಲ ಖರೆ ಹೇಳಿದರೂ ಹಿಟ್ಟು ತೆಗೆದುಕೊಂಡು ಸುಮ್ಮನೆ ಹೋಗುತ್ತಾರೆ. ಒಬ್ಬಳು, "ದೋಸ್ತಿ ದೊಡ್ಡದು ಬಿಡ್ರಿ" ಎಂದಳು.

"ಸುಳ್ಳ ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಲಿಲ್ಲ ನೋಡು ಲಾಡಸಾಬ" ಎಂದ ಕಾಳಪ್ಪ ನಿನ್ನೆ. ಅಷ್ಟರಲ್ಲಿ ವಿದ್ಯಾಗಿರಿಯ ಕಡೆಯಿಂದ ಒಬ್ಬ ಹುಡುಗ ಹಳೆಯ ಆರ್‌ಎಕ್ಸ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮೇಳದಲ್ಲಿ ಆ ದನಿ ಕೇಳಿದ ಮೇಲೆ ಇಂಥವರು ಆಗಾಗ ಬರುತ್ತಾರೆ. ತನ್ನ ಗಾಡಿಗೂ ಹಾಗೇ ಮಾಡಿಕೊಡಬೇಕು, ಆದರೆ ಎಣ್ಣೆ ಮಾತ್ರ ತನ್ನ ಕಣ್ಣೆದುರಿಗೇ ಹಾಕಬೇಕು ಎಂದ. ಕಾಳಪ್ಪ ಎಣ್ಣೆಯ ಬಾಟಲಿಯನ್ನೂ ಡಬ್ಬಿಯನ್ನೂ ಅವನ ಕೈಗೇ ಕೊಟ್ಟು, ನೀನೇ ಹಾಕಿಕೋ, ಹಾಕಿ ಚೆನ್ನಾಗಿ ಅಲ್ಲಾಡಿಸು ಎಂದು ಹೇಳಿ ಒಳಗೆ ಹೋದ.